ತಗುಲಿದ ಊರು, ತೋರಿದ ಊರು



ಈ ಉಪನ್ಯಾಸದ ದತ್ತಿಯ ಪತ್ರದಲ್ಲಿ ಎರಡು ನಿಬಂಧನೆಗಳಿರುವುದಾಗಿ ಕಾರ್ಯದರ್ಶಿಗಳು ನನಗೆ ಬರೆದು ತಿಳಿಸಿದ್ದರು. ಉಪನ್ಯಾಸವು ಪಶುವೈದ್ಯಶಾಸ್ತ್ರಕ್ಕೆ ಸಂಬಂಧಪಟ್ಟ ವಿಷಯವೊಂದನ್ನು ಕುರಿತದ್ದಾಗಿರತಕ್ಕದ್ದು. ಅದು ದನ ಕಟ್ಟಿ ಬಾಳುವೆ ಮಾಡುವವನಿಗೆ ತಿಳಿಯುವ ಕನ್ನಡದಲ್ಲಿರತಕ್ಕದ್ದು. ಮೊದಲನೆಯದು ಸುಲಭ, ಮೂವತ್ತು ವರ್ಷ ಅದನ್ನೇ ಪಾಠ ಹೇಳಿದವನಿಗೆ ವಿಷಯಕ್ಕೇನು ಬರಗಾಲವಿಲ್ಲ. ಎರಡನೆಯದೇ ಕಷ್ಟವೆಂಬುದು ಬರೆಯಲು ಕುಳಿತಾಗ ಮನದಟ್ಟಾಯಿತು. ಏಕೆಂದರೆ ಆ ಮೂವತ್ತು ವರ್ಷವೂ ನಾನು ಪಾಠ ಹೇಳಿದ್ದು ಇಂಗ್ಲಿಷಿನಲ್ಲಿ, ರೈತನೊಡನೆ ಮಾತನಾಡಿದ್ದು ಕನ್ನಡದಲ್ಲಿ, ಮತ್ತು ಈ ಎರಡರಲ್ಲಿ ಯಾವುದರಲ್ಲಿ ನನ್ನ ಮಾತು ಹೆಚ್ಚು ನಿಷ್ಕೃಷ್ಟವಾಗಿತ್ತೆಂದು ಯಾರಾದರೂ ಕೇಳಿದರೆ ಉತ್ತರ ಹೇಳಲು ನನಗೆ ಸಂಕೋಚವಾಗುತ್ತದೆ.

ನಾನು ಆರಿಸಿಕೊಂಡಿರುವ ವಿಷಯ ದನದ ಕ್ಷಯ. ಅದರಲ್ಲಿಯೂ ಅದರ ಲಕ್ಷಣಗಳನ್ನಾಗಲಿ ಚಿಕಿತ್ಸೆಯನ್ನಾಗಲಿ ನಾನು ಹೇಳಹೊರಟಿಲ್ಲ. ಆ ವ್ಯಾಧಿಯು ಒಂದು ದೇಶದ ಹಿಂಡುಗಳಲ್ಲಿ ಊರಿಂದೂರಿಗೆ ಹಬ್ಬಿದ ಬಗೆಯನ್ನು ಜನ ಹೇಗೆ ಜಾಡು ಹಿಡಿದು ತಿಳಿದುಕೊಂಡರು, ತಿಳಿದೆವೆಂದುಕೊಂಡು ಎಲ್ಲೆಲ್ಲಿ ಎಡವಿದರು ಎಂಬುದನ್ನು ಮಾತ್ರ ಹೇಳುತ್ತೇನೆ. ದೇಶ ಬ್ರಿಟನ್. ದನದ ಕ್ಷಯ ಎಲ್ಲ ಖಂಡಗಳ ಕೊಟ್ಟಿಗೆಗಳನ್ನೂ ಕಂಡ ರೋಗವೇ. ಆದರೆ ಒಂದು ಶತಮಾನಕ್ಕೂ ಮಿಕ್ಕಿ ಅದರ ಲೆಕ್ಕವನ್ನು ಇಟ್ಟುಕೊಂಡು, ಆ ಲೆಕ್ಕದ ಮೇಲೆ ಜಗಳವಾಡಿ, ಕೊನೆಗೆ ಆ ಜಗಳವನ್ನೂ ಅಚ್ಚುಹಾಕಿಸಿ ಇಟ್ಟುಕೊಂಡ ದೇಶ ಅಪರೂಪವಾದುದರಿಂದ, ಕಲಿಯಬೇಕೆನ್ನುವವನು ಅಲ್ಲಿಗೆ ಹೋಗುವುದೇ ಲೇಸು.

ಕಾಲುಬಾಯಿ ಜ್ವರ ಹಿಡಿದ ಎತ್ತು ವಾರದೊಳಗೆ ಜೊಲ್ಲು ಸುರಿಸಿ, ಕುಂಟಿ, ತನ್ನ ರೋಗವನ್ನು ತಾನೇ ಸಾರಿಬಿಡುತ್ತದೆ. ಅದು ಎಲ್ಲಿ ಬಿದ್ದಿತೋ ಅಲ್ಲಿಯೇ, ಅಥವಾ ಅದರ ಹತ್ತಿರದಲ್ಲಿಯೇ, ಸೋಂಕು ತಗುಲಿತೆಂದು ಹೇಳಿದರೆ ಬಹುಮಟ್ಟಿಗೆ ಸರಿಹೋಗುತ್ತದೆ. ಕ್ಷಯದ ನಡೆ ಹಾಗಲ್ಲ. ಕರುವಾಗಿದ್ದಾಗ ಒಂದು ಕೊಟ್ಟಿಗೆಯಲ್ಲಿ ದಂಡಾಣುವನ್ನು ಉಸಿರಿನೊಡನೆ ಒಳಗೆಳೆದುಕೊಂಡ ಪ್ರಾಣಿಯು ಮಣಕವಾಗಿ ಎರಡನೆಯ ಹಟ್ಟಿಗೆ ಮಾರಾಟವಾಗಿ, ಹಸುವಾಗಿ ಮೂರನೆಯ ಜಿಲ್ಲೆಯಲ್ಲಿ ಈದು, ಮೈತುಂಬ ಮಾಂಸವಿಟ್ಟುಕೊಂಡು, ಕೊಡ ತುಂಬ ಹಾಲು ಕರೆದು, ನೋಡಿದವರ ಕಣ್ಣಿಗೆ ಆರೋಗ್ಯದ ಪ್ರತಿಮೆಯಂತೆಯೇ ನಿಂತಿರಬಹುದು; ವರ್ಷಗಳು ಕಳೆದ ಮೇಲೆ ನಾಲ್ಕನೆಯ ಯಾವುದೋ ಊರಿನಲ್ಲಿ, ಪರೀಕ್ಷೆಯಲ್ಲೋ ಕಸಾಯಿಖಾನೆಯ ಮೇಜಿನ ಮೇಲೋ, ಅದರ ಗುಟ್ಟು ಹೊರಬೀಳುತ್ತದೆ. ಭೂಪಟದಲ್ಲಿ ಕೆಂಪು ಚುಕ್ಕೆ ಬೀಳುವುದು ಈ ನಾಲ್ಕನೆಯ ಊರಿನ ಮೇಲೆ. ರೋಗ ತೋರಿದ ಊರು ಇದು; ತಗುಲಿದ ಊರು ಯಾವುದು? ಇಂದು ಸಂಜೆ ನಾನು ಹೇಳಬೇಕಾಗಿರುವುದೆಲ್ಲವೂ ಈ ಒಂದು ಪ್ರಶ್ನೆಯ ಸುತ್ತಲೇ ತಿರುಗುತ್ತದೆ.

ಗುಟ್ಟು ಹೊರಬೀಳುವ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಹಸುವಿನ ಕುತ್ತಿಗೆಯ ಒಂದು ಪಕ್ಕದಲ್ಲಿ ಒಂದರ ಕೆಳಗೊಂದರಂತೆ ಎರಡು ಕಡೆ ಕೂದಲನ್ನು ಕತ್ತರಿಸಿ, ಚರ್ಮವನ್ನು ಮಡಿಕೆ ಮಾಡಿ ಹಿಡಿದು, ಕ್ಯಾಲಿಪರಿನಿಂದ ಅದರ ದಪ್ಪವನ್ನು ಅಳೆದು ಬರೆದುಕೊಳ್ಳುತ್ತಾರೆ. ಮೇಲಿನ ಜಾಗದಲ್ಲಿ ಹಕ್ಕಿಗಳ ಕ್ಷಯಾಣುವಿನಿಂದ ತೆಗೆದ ಟ್ಯೂಬರ್ಕ್ಯುಲಿನ್ ದ್ರವವನ್ನೂ ಕೆಳಗಿನ ಜಾಗದಲ್ಲಿ ದನದ ಕ್ಷಯಾಣುವಿನಿಂದ ತೆಗೆದುದನ್ನೂ, ತಲಾ 0.1 ಮಿಲಿಲೀಟರಿನಷ್ಟು, ಚರ್ಮದೊಳಕ್ಕೆ ಚುಚ್ಚುತ್ತಾರೆ. ಮಣ್ಣುನೀರಿನಲ್ಲಿರುವ ನಿರಪರಾಧಿ ಸೋದರಾಣುಗಳ ಪರಿಚಯದಿಂದಲೇ ಉಬ್ಬುವ ಚರ್ಮಕ್ಕೂ ನಿಜವಾದ ಸೋಂಕಿನಿಂದ ಉಬ್ಬುವ ಚರ್ಮಕ್ಕೂ ಭೇದ ತಿಳಿಯಲೆಂದು ಈ ಜೋಡಿ ಏರ್ಪಾಡು. 72 ಗಂಟೆ ಕಳೆದ ಮೇಲೆ ಮತ್ತೆ ಬಂದು ಅಳೆಯಬೇಕು. ಕೆಳಗಿನ ಉಬ್ಬು ಮೇಲಿನದಕ್ಕಿಂತ ನಾಲ್ಕು ಮಿಲಿಮೀಟರನ್ನು ಮೀರಿ ಹೆಚ್ಚಾಗಿದ್ದರೆ ಆ ಹಸುವಿನ ಆಯುಸ್ಸು ಮುಗಿದಂತೆ. ವಿದ್ಯಾರ್ಥಿಯಾಗಿದ್ದಾಗ ನಾನು ಮೊದಲ ಸಲ ಈ ಅಳತೆಗೆ ನಿಂತಾಗ, ಹಸು ಕಿವಿ ಕೊಡವಿ ನನ್ನ ಕೈಯನ್ನು ತಳ್ಳಿತು. ಐದು ಮಿಲಿಮೀಟರೋ ನಾಲ್ಕೋ ಎಂದು ನಾನು ತಡವರಿಸುತ್ತಿದ್ದುದನ್ನು ಕಂಡು ಗುರುಗಳು, “ಬೆರಳಿಗೆ ಕೇಳಪ್ಪ, ಕ್ಯಾಲಿಪರಿಗೆ ಆಮೇಲೆ ಕೇಳು” ಎಂದರು. ಅವರ ಮಾತು ಪುಸ್ತಕದಲ್ಲಿಲ್ಲದಿದ್ದರೂ ನಿಜ. ಬಿಸಿಯಾದ, ಅಂಚು ತಿಳಿಯದೆ ಹರಡಿದ ಆ ಊತ ಬೆರಳಿಗೆ ಮೊದಲೇ ತಿಳಿಯುತ್ತದೆ.

ಇಷ್ಟು ಮಾಡಿಯೂ ಈ ಪರೀಕ್ಷೆಯ ಬಲೆಯಿಂದ ನೂರು ಸೋಂಕಿತ ಹಸುಗಳಲ್ಲಿ ಇಪ್ಪತ್ತಾದರೂ, ಕೆಲವು ಪರಿಸ್ಥಿತಿಗಳಲ್ಲಿ ಅದಕ್ಕಿಂತ ಹೆಚ್ಚೂ, ನುಸುಳಿ ಹೋಗುತ್ತವೆ. ಆರೋಗ್ಯವಂತ ಹಸುವಿನ ಮೇಲೆ ಅದು ಹೊರಿಸುವ ಸುಳ್ಳು ಅಪವಾದ ತೀರ ವಿರಳ; ರೋಗಿಯನ್ನು ಕಾಣದೆ ಬಿಡುವ ತಪ್ಪೇ ಅಧಿಕ. ಈ ಗುಣವನ್ನು ನೆನಪಿನಲ್ಲಿಡಬೇಕೆಂದು ಪ್ರಾರ್ಥನೆ. ಮುಂದೆ ಬರುವ ಭೂಪಟಗಳೆಲ್ಲ ಈ ಹರಿದ ಬಲೆಯಿಂದ ಹಿಡಿದ ಮೀನುಗಳನ್ನೇ ಗುರುತಿಸಿದವು.

ಟ್ಯೂಬರ್ಕ್ಯುಲಿನ್ ರಾಬರ್ಟ್ ಕಾಖ್ ಮಹಾಶಯನ ಕೈಯಿಂದ ಬಂದದ್ದು. ಕ್ಷಯದ ದಂಡಾಣುವನ್ನು 1882ರಲ್ಲಿ ಲೋಕಕ್ಕೆ ತೋರಿಸಿದ ಆತನು 1890ರಲ್ಲಿ ಈ ದ್ರವವನ್ನು ಮನುಷ್ಯನ ಕ್ಷಯಕ್ಕೆ ಔಷಧವೆಂದು ಪ್ರಕಟಿಸಿ, ಅದು ಔಷಧವಾಗದೆ ಹೋಗಿ ಅಪಮಾನಕ್ಕೆ ಗುರಿಯಾದನು. ಮದ್ದಾಗಿ ಸೋತದ್ದೇ ದನದ ಪರೀಕ್ಷೆಯಾಗಿ ಗೆದ್ದಿತು. ಅಮೆರಿಕದ ಥಿಯೊಬಾಲ್ಡ್ ಸ್ಮಿತ್ 1898ರಲ್ಲಿ ಮನುಷ್ಯನ ಕ್ಷಯಾಣುವೂ ದನದ ಕ್ಷಯಾಣುವೂ ಬೇರೆ ಬೇರೆಯೆಂದು ವಿವರಿಸಿದಾಗ, ಕಾಖ್ ಅದನ್ನು ಅತಿಯಾಗಿ ಎಳೆದು, 1901ರಲ್ಲಿ ಲಂಡನ್ನಿನ ಸಮ್ಮೇಲನದಲ್ಲಿ ದನದ ಕ್ಷಯದಿಂದ ಮನುಷ್ಯನಿಗೆ ಅಂಥ ಅಪಾಯವೇನೂ ಇಲ್ಲವೆಂದುಬಿಟ್ಟನು. ದೊಡ್ಡವರ ತಪ್ಪಿಗೆ ಆಯುಷ್ಯ ಹೆಚ್ಚು; ಅದನ್ನು ವಿಚಾರಿಸಲು ನೇಮಕವಾಗಿ ಕೊನೆಗೆ ಅಲ್ಲಗಳೆದ ರಾಜಮಂಡಲಿಯ ಅಂತಿಮ ವರದಿ ಬರುವ ಹೊತ್ತಿಗೆ 1911 ಆಗಿತ್ತು. ಅಷ್ಟರಲ್ಲಿ ಆ ದೇಶದ ಎಷ್ಟು ಮಕ್ಕಳ ಕುತ್ತಿಗೆಯಲ್ಲಿ, ನಮ್ಮ ವೈದ್ಯರು ಗಂಡಮಾಲೆಯೆಂದು ಕರೆಯುವ ಗಂಟುಗಳು, ಹಸಿ ಹಾಲಿನ ದಾರಿಯಿಂದ ಎದ್ದವೋ! ನಮ್ಮ ತಾಯಂದಿರಿಗೆ ಈ ರಾಜಮಂಡಲಿಯ ಸುದ್ದಿ ತಲಪಿರಲಿಲ್ಲ. ಆದರೆ ಹಾಲನ್ನು ಉಕ್ಕಿಸದೆ ಮಕ್ಕಳಿಗೆ ಕೊಡುವ ಪದ್ಧತಿ ಅವರಲ್ಲಿರಲಿಲ್ಲ. ಅದು ಒಂದು ದೊಡ್ಡ ಕಾಪು.

1930ರ ದಶಕದಲ್ಲಿ ಬ್ರಿಟನ್ನಿನ ಹಾಲಿನ ಹಸುಗಳಲ್ಲಿ ನೂರಕ್ಕೆ ಸುಮಾರು ನಲವತ್ತು ಸೋಂಕು ತಗುಲಿದವಾಗಿದ್ದವು. 1935ರಲ್ಲಿ ಸ್ವಇಚ್ಛೆಯಿಂದ ಹಿಂಡುಗಳನ್ನು ಶುದ್ಧವೆಂದು ದೃಢೀಕರಿಸಿಕೊಳ್ಳುವ ಯೋಜನೆಯೊಂದು ಬಂದಿತು. 1950ರಿಂದ ಕಡ್ಡಾಯವಾಗಿ, ಒಂದೊಂದು ಪ್ರದೇಶವನ್ನಾಗಿ ಶುದ್ಧಿಮಾಡುತ್ತ ಸಾಗಿ, 1960ರ ಅಕ್ಟೋಬರಿನ ಹೊತ್ತಿಗೆ ಇಡೀ ಗ್ರೇಟ್ ಬ್ರಿಟನ್ ದೃಢೀಕೃತವಾಯಿತು. ಹೊಲವನ್ನು ಮೂಲೆಯಿಂದ ಕಳೆ ಕೀಳುತ್ತ ಬರುವವನಂತೆ ಅವರು ಕೆಲಸ ಮಾಡಿದರು: ಶುದ್ಧವಾದ ಪ್ರದೇಶದೊಳಕ್ಕೆ ಹೊರಗಿನ ದನವನ್ನು ಬಿಡದಿರುವುದು, ಒಳಗೆ ಸಿಕ್ಕಿದುದನ್ನು ಕೊಲ್ಲುವುದು. ಭೂಪಟವು ಆ ಕಾಲದಲ್ಲಿ ತುಂಬ ಸರಳವಾಗಿತ್ತು. ಬಣ್ಣ ಹಚ್ಚಿದ ಪ್ರದೇಶ ಒಂದು, ಇನ್ನೂ ಹಚ್ಚಬೇಕಾದದ್ದು ಒಂದು. ಆದರೆ ನೈಋತ್ಯ ಮೂಲೆಯಲ್ಲಿ, ಕಾರ್ನ್‌ವಾಲ್ ಮತ್ತು ಗ್ಲಾಸ್ಟರ್‌ಷೈರ್‌ನಂಥ ಕಡೆಗಳಲ್ಲಿ, ಎಷ್ಟು ಸಲ ಕಿತ್ತರೂ ಮತ್ತೆ ಚಿಗುರುವ ಕೆಲವು ಬೇರುಗಳು ಉಳಿದವು.

1971ರಲ್ಲಿ ಗ್ಲಾಸ್ಟರ್‌ಷೈರಿನ ಒಂದು ಹೊಲಮನೆಯಲ್ಲಿ ಸತ್ತುಬಿದ್ದಿದ್ದ ಬ್ಯಾಜರ್ ಒಂದು ಸಿಕ್ಕಿತು. ಅದರ ಮೈಯಲ್ಲಿ ದನದ ಕ್ಷಯವಿತ್ತು. ಬ್ಯಾಜರ್ ಎಂದರೆ ನಮ್ಮ ತರಕರಡಿಯ ದೂರದ ನೆಂಟ. ಮುಖದ ಮೇಲೆ ಕಪ್ಪು ಬಿಳುಪಿನ ಪಟ್ಟೆ, ಹಗಲು ಬಿಲದಲ್ಲಿ ನಿದ್ರೆ, ರಾತ್ರಿ ಹುಲ್ಲುಗಾವಲಿನಲ್ಲಿ ಎರೆಹುಳುವಿನ ಬೇಟೆ. ಅಲ್ಲಿಂದ ಮುಂದೆ ಐವತ್ತು ವರ್ಷ ಆ ದೇಶದಲ್ಲಿ ನಡೆದುದು ಒಂದು ದೊಡ್ಡ ವ್ಯಾಜ್ಯ. ಹಿಂಡನ್ನು ಕಳೆದುಕೊಂಡ ರೈತನು ಬ್ಯಾಜರನ್ನು ದೂರಿದನು. ಬ್ಯಾಜರನ್ನು ಮಕ್ಕಳ ಕಥೆಗಳಲ್ಲಿ ಕಂಡು ಬೆಳೆದ ನಗರವಾಸಿಯು ರೈತನ ವ್ಯಾಪಾರವನ್ನು ದೂರಿದನು. ಸರ್ಕಾರವು 1975ರಿಂದ 1982ರವರೆಗೆ ಬಿಲಗಳಿಗೆ ವಿಷಾನಿಲವನ್ನೂಡಿ, ಆಮೇಲೆ ಅದು ಕ್ರೂರವೆಂದು ನಿಲ್ಲಿಸಿ, ಒಂದು ಸಮಿತಿಯ ಮೇಲೆ ಇನ್ನೊಂದು ಸಮಿತಿಯನ್ನು ನೇಮಿಸುತ್ತ ಹೋಯಿತು.

ಈ ವ್ಯಾಜ್ಯದಲ್ಲಿ ಎರಡು ಪಕ್ಷದವರೂ ಸಾಕ್ಷಿಯಾಗಿ ಮುಂದೆ ಚಾಚುತ್ತಿದ್ದುದು ಒಂದೇ ಭೂಪಟವನ್ನು, ಎಂಬುದು ನನಗೆ ಸೋಜಿಗ. ಆ ಭೂಪಟ ಹೇಗೆ ಹುಟ್ಟುತ್ತಿತ್ತೆಂಬುದನ್ನು ವಿಚಾರಿಸಿದರೆ ಸೋಜಿಗ ಕಡಿಮೆಯಾಗುತ್ತದೆ. ಅವರ ಪ್ಯಾರಿಷ್ ಎಂದರೆ ಚರ್ಚಿನ ಎಲ್ಲೆಯಿಂದ ಹೆಸರು ಪಡೆದ, ನಮ್ಮ ಹೋಬಳಿಗಿಂತ ಚಿಕ್ಕದಾದ ಒಂದು ಭಾಗ. ಹಿಂದೆ ರೋಗ ಕಂಡಿದ್ದ ಪ್ಯಾರಿಷ್‌ಗಳಲ್ಲಿ ಹಿಂಡುಗಳನ್ನು ವರ್ಷಕ್ಕೊಮ್ಮೆ ಪರೀಕ್ಷಿಸುತ್ತಿದ್ದರು. ಕಾಣದಿದ್ದ ಕಡೆಗಳಲ್ಲಿ ಎರಡು, ಮೂರು, ಕೊನೆಗೆ ನಾಲ್ಕು ವರ್ಷಕ್ಕೊಮ್ಮೆ. ಖರ್ಚಿನ ದೃಷ್ಟಿಯಿಂದ ಇದು ವಿವೇಕವೇ. ಆದರೆ ಒಂದು ಕೋಣೆಯಲ್ಲಿ ದಿನವೂ ದೀಪ ಹಚ್ಚಿ, ಇನ್ನೊಂದು ಕೋಣೆಯಲ್ಲಿ ಅಮಾವಾಸ್ಯೆಗೊಮ್ಮೆ ಹಚ್ಚಿ, ಇಲಿಗಳಿರುವುದು ಮೊದಲನೆಯ ಕೋಣೆಯಲ್ಲಿಯೇ ಎಂದು ಮನೆಯವರು ತೀರ್ಮಾನಿಸಿದರೆ ಅವರ ತೀರ್ಮಾನದಲ್ಲಿ ಇಲಿಯ ಪಾಲೆಷ್ಟು, ದೀಪದ ಪಾಲೆಷ್ಟು? ನಾಲ್ಕು ವರ್ಷದ ಕತ್ತಲೆಯಲ್ಲಿ ಒಂದು ಹಿಂಡು ಸೋಂಕನ್ನು ಕೊಂಡು, ಬೆಳೆಸಿ, ಮಾರಿ, ಮತ್ತೆ ದೀಪ ಬರುವ ಹೊತ್ತಿಗೆ ಏನನ್ನೂ ಅರಿಯದಂತೆ ನಿಂತಿರಲು ಸಾಕಷ್ಟು ಅವಕಾಶವುಂಟು.

ಆ ಕತ್ತಲೆಯ ಬೆಲೆ 2001ರಲ್ಲಿ ತಿಳಿಯಿತು. ಆ ವರ್ಷ ಫೆಬ್ರವರಿಯಲ್ಲಿ ಕಾಲುಬಾಯಿ ಜ್ವರ ಬ್ರಿಟನ್ನಿನ ಮೇಲೆ ಬಿದ್ದು, ಅರುವತ್ತು ಲಕ್ಷಕ್ಕೂ ಹೆಚ್ಚು ಪಶುಗಳನ್ನು ಕೊಂದು ಸುಡುವ ಹೂಳುವ ಗೊಂದಲದಲ್ಲಿ, ಕ್ಷಯದ ಪರೀಕ್ಷೆ ಬಹುಪಾಲು ನಿಂತೇಹೋಯಿತು. ಪಶುವೈದ್ಯರೆಲ್ಲ ಚಿತೆಗಳ ಬಳಿ ಇದ್ದರು. ಎಲ್ಲಕ್ಕಿಂತ ಹೆಚ್ಚು ಪೆಟ್ಟು ತಿಂದದ್ದು ವಾಯವ್ಯದ ಕಂಬ್ರಿಯ. ವರ್ಷ ತಿರುಗಿ, ಬರಿದಾದ ಕೊಟ್ಟಿಗೆಗಳಿಗೆ ಮತ್ತೆ ದನ ತರುವ ಕಾಲ ಬಂದಾಗ, ಉಳಿದಿದ್ದ ದನ ಎಲ್ಲಿತ್ತೋ ಅಲ್ಲಿಂದ ತಂದರು. ಕ್ಷಯದ ತವರಾದ ನೈಋತ್ಯವೂ ಅದರಲ್ಲಿ ಸೇರಿತ್ತು. ಪರೀಕ್ಷೆಯಿಲ್ಲದೆ ಲಾರಿಯೇರಿದ ಆ ಹಸುಗಳೊಡನೆ ಕ್ಷಯವೂ ಪ್ರಯಾಣ ಮಾಡಿತು. ಹೊಸ ಜಿಲ್ಲೆಗಳಲ್ಲಿ ಅಲ್ಲಲ್ಲಿ ಚುಕ್ಕೆಗಳೆದ್ದವು. ಒಂದು ರೋಗಕ್ಕಾಗಿ ಕಣ್ಣೀರಿಟ್ಟು ಬರಿದು ಮಾಡಿದ ಕೊಟ್ಟಿಗೆಗೆ ಇನ್ನೊಂದು ರೋಗವನ್ನು ಹಣ ಕೊಟ್ಟು ಕರೆತಂದ ರೈತನ ಮನಸ್ಸಿನ ಸ್ಥಿತಿ ಏನಾಗಿದ್ದೀತು!

ಆದರೆ ಈ ಸಲ ಲೆಕ್ಕವಿತ್ತು, ಮತ್ತು ಆ ಲೆಕ್ಕ ಕ್ಷಯಕ್ಕಾಗಿ ಹುಟ್ಟಿದುದಲ್ಲವೆಂಬುದು ಗಮನಾರ್ಹ. ಹುಚ್ಚುಹಸುವಿನ ರೋಗದ ಕೋಲಾಹಲದಲ್ಲಿ 1996ರಿಂದ ಬ್ರಿಟನ್ನಿನ ಪ್ರತಿಯೊಂದು ಕರುವಿಗೂ ಪಾಸ್‌ಪೋರ್ಟ್ ಎಂಬ ಹೆಸರಿನ ಕಾಗದವೊಂದು ಬಂದಿತು. 1998ರಲ್ಲಿ ವರ್ಕಿಂಗ್ಟನ್ ಎಂಬ ಊರಿನಲ್ಲಿ ಕಚೇರಿಯೊಂದು ತೆರೆದು, ಕಿವಿಯ ಓಲೆಯ ಸಂಖ್ಯೆಯೊಡನೆ ದನದ ಹುಟ್ಟು, ಮಾರಾಟ, ಸಾವುಗಳೆಲ್ಲ ಗಣಕಯಂತ್ರದಲ್ಲಿ ದಾಖಲಾಗತೊಡಗಿದವು. ಮನುಷ್ಯರಲ್ಲಿ ಇಷ್ಟು ನಿಷ್ಠೆಯಿಂದ ತಮ್ಮ ಓಡಾಟವನ್ನು ವರದಿ ಮಾಡಿದವರು ಪರೀಕ್ಷಾವಧಿಯಲ್ಲಿ ಬಿಡುಗಡೆಯಾದ ಕೈದಿಗಳು ಮಾತ್ರ. ಮಾರಿಯಸ್ ಗಿಲ್ಬರ್ಟ್ ಮತ್ತು ಆತನ ಸಂಗಡಿಗರು ಈ ದಾಖಲೆಯನ್ನು ತೆಗೆದುಕೊಂಡು, ಹವೆ, ಮಣ್ಣು, ಎತ್ತರ, ಹಿಂಡಿನ ಸಾಂದ್ರತೆ ಮುಂತಾದ ಅನೇಕ ಅಂಶಗಳೊಡನೆ ತೂಗಿ, 2005ರಲ್ಲಿ ಪ್ರಕಟಿಸಿದ ನಿರ್ಣಯವೇನೆಂದರೆ: ಕ್ಷಯ ಎಲ್ಲಿ ಕಾಣಿಸಿಕೊಳ್ಳುವುದೆಂಬುದನ್ನು ಮುಂದಾಗಿ ಹೇಳುವುದರಲ್ಲಿ ದನದ ಸಾಗಾಟವೇ, ವಿಶೇಷವಾಗಿ ಸೋಂಕಿರುವ ಕಡೆಯಿಂದ ಬಂದ ಸಾಗಾಟವೇ, ಉಳಿದೆಲ್ಲ ಅಂಶಗಳನ್ನೂ ಹಿಂದಿಟ್ಟಿತು. ಬೇಲಿಯೊಳಗೆ ಮೇಯುವ ಹಸು ತಾನಾಗಿ ಒಂದು ಜಿಲ್ಲೆಯನ್ನು ದಾಟಿ ಇನ್ನೊಂದಕ್ಕೆ ನಡೆದುಹೋಗದು. ಅದರ ಕಾಲು ಮನುಷ್ಯನ ಹಣದ ಚೀಲದಲ್ಲಿದೆ. ಆದಕಾರಣ ರೋಗದ ಹಾದಿಯನ್ನು ಬಯಸಿದವನು ಗುಡ್ಡಬೆಟ್ಟಗಳ ನಕ್ಷೆಗಿಂತ ಸಂತೆಯ ರಸೀತಿಗಳನ್ನು ಓದುವುದು ಮೇಲು.

ಹಾಗೆಂದು ಬ್ಯಾಜರ್ ಪಾರಾಯಿತೆಂದು ಯಾರೂ ಭಾವಿಸಬಾರದು. ಸಾಗಾಟ ಬೀಜವನ್ನು ದೂರಕ್ಕೆ ಎಸೆಯಬಲ್ಲುದು; ಬಿದ್ದಲ್ಲಿ ಅದು ವರ್ಷಾನುವರ್ಷ ಏಕೆ ಬೇರೂರಿ ನಿಲ್ಲುತ್ತದೆಂಬುದಕ್ಕೆ ಅದು ಉತ್ತರವಲ್ಲ. ಇಲ್ಲಿ ನೆರವಿಗೆ ಬಂದದ್ದು ದಂಡಾಣುವಿನ ಒಡಲಿನೊಳಗಿನ ಗುರುತು. ಕಸಾಯಿಖಾನೆಯಲ್ಲಿ ಸೋಂಕಿತ ಹಸುವಿನ ಗಂಟಲ ಹಿಂದಿನ ಅಥವಾ ಎದೆಯ ನಡುವಿನ ಗ್ರಂಥಿಯನ್ನು ಕೊಯ್ದರೆ, ಒಳಗೆ ಹಳದಿ ಗಿಣ್ಣಿನಂಥ ಪದಾರ್ಥ ತುಂಬಿ, ಹಳೆಯ ಗಾಯವಾದರೆ ಸುಣ್ಣಗಟ್ಟಿ, ಚಾಕುವಿಗೆ ಮರಳು ಸಿಕ್ಕಿದಂತೆ ಕರಕರನೆಂದು ಸದ್ದಾಗುವುದುಂಟು. ಆ ಚೂರನ್ನು ಪ್ರಯೋಗಶಾಲೆಯಲ್ಲಿ ವಾರಗಟ್ಟಲೆ ಬೆಳೆಸಿ, ದಂಡಾಣುವಿನ ವಂಶದ್ರವ್ಯದಲ್ಲಿ ಕೆಲವು ಗೊತ್ತಾದ ಜಾಗಗಳನ್ನು ಓದಿದರೆ, ಇದು ಯಾವ ಕುಲದ್ದೆಂದು ಹೇಳಬಹುದು. ಹೀಗೆ ಸಾವಿರಾರು ಹಸುಗಳ ದಂಡಾಣುಗಳಿಗೆ ಕುಲವನ್ನು ಗೊತ್ತುಮಾಡಿ ಭೂಪಟದ ಮೇಲೆ ಇಟ್ಟಾಗ ಅಚ್ಚರಿಯೊಂದು ಕಾದಿತ್ತು. ಕುಲಗಳು ಚೆಲ್ಲಾಪಿಲ್ಲಿಯಾಗಿರಲಿಲ್ಲ, ಒಂದೊಂದು ಕುಲಕ್ಕೂ ಒಂದೊಂದು ಸೀಮೆಯಿತ್ತು, ನಮ್ಮಲ್ಲಿ ಒಂದು ಹೊಳೆಯ ಆಚೆ ಒಂದು ಬಗೆಯ ಕನ್ನಡ, ಈಚೆ ಇನ್ನೊಂದು ಬಗೆಯ ಕನ್ನಡವಿರುವಂತೆ. ವ್ಯಾಪಾರವೊಂದೇ ಕಾರಣವಾಗಿದ್ದಿದ್ದರೆ ಎಲ್ಲ ಕುಲಗಳೂ ಎಂದೋ ಕಲಸಿಹೋಗಬೇಕಾಗಿತ್ತು. ಆ ಸೀಮೆಗಳು ಉಳಿದಿವೆಯೆಂದರೆ, ಸ್ಥಳದಲ್ಲಿಯೇ ನೆಲೆಯೂರಿ ಸೋಂಕನ್ನು ಕಾಪಾಡುವುದು ಯಾವುದೋ ಇದೆ. ನೆರೆಯ ಹಿಂಡೋ, ಬಿಲದ ಪ್ರಾಣಿಯೋ, ಬಲೆಗೆ ಸಿಕ್ಕದೆ ಕೊಟ್ಟಿಗೆಯಲ್ಲಿಯೇ ಉಳಿದ ಹಸುವೋ, ಅದು ಬೇರೆ ಮಾತು.

ಕುಲದ ಗುರುತಿನಿಂದ ಪರದೇಶಿಯನ್ನು ಪತ್ತೆಹಚ್ಚಿದ ಪ್ರಸಂಗವೊಂದನ್ನು ಹೇಳಬೇಕು. ಅದೇ ಕಂಬ್ರಿಯದ ಪೂರ್ವಭಾಗದಲ್ಲಿ, ರೋಗ ವಿರಳವೆಂದು ಹೆಸರಾದ ಪ್ರದೇಶದಲ್ಲಿ, ಕಳೆದ ದಶಕದ ನಡುವೆ ಕೆಲವು ಹಿಂಡುಗಳು ಪರೀಕ್ಷೆಯಲ್ಲಿ ಸಿಕ್ಕಿಬಿದ್ದವು. ದಂಡಾಣುವಿನ ಕುಲವನ್ನು ಓದಿದಾಗ ಅದು ಗ್ರೇಟ್ ಬ್ರಿಟನ್ನಿನಲ್ಲಿ ಅದಕ್ಕೆ ಮುಂಚೆ ಕಾಣದಿದ್ದ, ಸಮುದ್ರದಾಚೆಯ ಉತ್ತರ ಐರ್ಲೆಂಡಿನಲ್ಲಿ ಪರಿಚಿತವಾದ ಕುಲವೆಂದು ತಿಳಿಯಿತು. ಯಾವುದೋ ಹಡಗಿನಲ್ಲಿ, ಎಲ್ಲ ಕಾಗದಗಳೂ ಸರಿಯಾಗಿದ್ದ ಯಾವುದೋ ಹಸು, ಚರ್ಮಪರೀಕ್ಷೆಯನ್ನು ಗೆದ್ದು ಬಂದಿರಬೇಕು. ಆ ಸೀಮೆಯ ಬ್ಯಾಜರುಗಳನ್ನು ನೋಡಿದರೆ ಅವುಗಳಲ್ಲಿಯೂ ಅದೇ ಕುಲ. ಅಲ್ಲಿ ಆ ಮೊದಲು ಬ್ಯಾಜರುಗಳಲ್ಲಿ ಕ್ಷಯ ಕಂಡಿರಲಿಲ್ಲ. ಎಂದರೆ, ಹಸುವು ಬಿಲಕ್ಕೆ ಕೊಟ್ಟದ್ದು, ಬಿಲವು ಹಸುವಿಗೆ ಕೊಟ್ಟದ್ದಲ್ಲ. ದನದ ಲೆಕ್ಕದ ದೊಡ್ಡ ಕಚೇರಿಯಿರುವ ವರ್ಕಿಂಗ್ಟನ್ ಅದೇ ಕಂಬ್ರಿಯದಲ್ಲಿರುವುದು ಕಾಕತಾಳೀಯ. ದೀಪದ ಬುಡದಲ್ಲಿ ಕತ್ತಲೆಯೆನ್ನುವವರನ್ನು ಮಾತ್ರ ತಡೆಯಲಾಗದು.

ಈಚಿನ ವರ್ಷಗಳಲ್ಲಿ ದಂಡಾಣುವಿನ ಕುಲವನ್ನಷ್ಟೇ ಅಲ್ಲದೆ ಅದರ ಸಮಸ್ತ ವಂಶದ್ರವ್ಯವನ್ನೂ, ನಲವತ್ತಮೂರು ಲಕ್ಷಕ್ಕೂ ಮಿಕ್ಕ ಅಕ್ಷರಗಳನ್ನು, ಓದುತ್ತಾರೆ. ಹಸ್ತಪ್ರತಿಗಳನ್ನು ಸಂಪಾದಿಸಿದವರಿಗೆ ಈ ವಿದ್ಯೆಯ ಮರ್ಮ ಬೇಗ ತಿಳಿಯುತ್ತದೆ: ಎರಡು ಓಲೆಪ್ರತಿಗಳಲ್ಲಿ ಒಂದೇ ಸ್ಖಾಲಿತ್ಯವಿದ್ದರೆ ಅವು ಒಂದೇ ಮಾತೃಕೆಯ ಮಕ್ಕಳು. ಆದರೆ ಈ ಲಿಪಿಕಾರ ಬಹಳ ಜಾಗರೂಕ. ಒಂದು ಅಕ್ಷರ ತಪ್ಪುವುದಕ್ಕೆ ಸಾಮಾನ್ಯವಾಗಿ ಅನೇಕ ವರ್ಷಗಳು ಹಿಡಿಯುತ್ತವೆ. ಅಷ್ಟರಲ್ಲಿ ಸೋಂಕು ಮೂರು ಹಿಂಡು ದಾಟಿರಬಹುದು. ಆದುದರಿಂದ ಯಾರು ಯಾರ ಬಳಗವೆಂದು ಈ ವಿದ್ಯೆ ಖಚಿತವಾಗಿ ಹೇಳಬಲ್ಲುದಾದರೂ, ಯಾರಿಂದ ಯಾರಿಗೆ ಎಂಬಲ್ಲಿ ತೊದಲುತ್ತದೆ.

ತೊದಲದೆ ಹೇಳಲು ಬೇಕಾದ ಇತರ ಸಾಮಗ್ರಿ ಗ್ಲಾಸ್ಟರ್‌ಷೈರಿನ ವುಡ್‌ಚೆಸ್ಟರ್ ಪಾರ್ಕಿನಲ್ಲಿದೆ. ಅಲ್ಲಿ 1970ರ ದಶಕದಿಂದ ಬ್ಯಾಜರುಗಳನ್ನು ಹಿಡಿದು, ಗುರುತು ಮಾಡಿ, ಬಿಡುತ್ತಿದ್ದಾರೆ. ಒಂದೊಂದು ಬಿಲದ ಬಳಗ ಎಲ್ಲಿಯವರೆಗೆ ಓಡಾಡುತ್ತದೆಂದು ತಿಳಿಯಲು ಅವರು ಮಾಡುವ ಉಪಾಯ ನನಗೆ ಬಹು ಮೆಚ್ಚಿಕೆ: ಕಡಲೆಕಾಯಿಬೀಜವನ್ನು ಸಕ್ಕರೆಯ ಪಾಕದಲ್ಲಿ ಕಲಸಿ, ನಮ್ಮ ಚಿಕ್ಕಿಯ ಸೋದರನೆನ್ನಬಹುದಾದ ಆ ತಿಂಡಿಯೊಳಗೆ ಬಣ್ಣಬಣ್ಣದ ಸಣ್ಣ ಪ್ಲಾಸ್ಟಿಕ್ ಮಣಿಗಳನ್ನು ಸೇರಿಸಿ, ಒಂದೊಂದು ಬಿಲದ ಬಾಗಿಲಲ್ಲಿ ಒಂದೊಂದು ಬಣ್ಣದ್ದನ್ನು ಇಟ್ಟು ಬರುತ್ತಾರೆ. ಬ್ಯಾಜರುಗಳು ತಮ್ಮ ಸೀಮೆಯ ಎಲ್ಲೆಯಲ್ಲಿ ಸಣ್ಣ ಗುಳಿ ತೋಡಿ ಮಲವಿಸರ್ಜನೆ ಮಾಡುವ ಶಿಸ್ತುಳ್ಳವು. ಕೆಲವು ದಿನಗಳ ಮೇಲೆ ಪದವೀಧರರು ಆ ಗುಳಿಗಳನ್ನು ಕೆದಕಿ, ಇಲ್ಲಿ ಹಳದಿ ಮಣಿ, ಅಲ್ಲಿ ನೀಲಿ ಮಣಿ ಎಂದು ಬರೆದುಕೊಂಡು, ಮಣಿಗಳನ್ನು ಗೆರೆಯಿಂದ ಕೂಡಿಸಿ, ಯಾವ ಸರ್ವೆ ಇಲಾಖೆಯೂ ಅಳೆಯದ ಎಲ್ಲೆಗಳನ್ನು ಎಳೆಯುತ್ತಾರೆ. ಭೂಪಟಶಾಸ್ತ್ರದಲ್ಲಿ ಇದಕ್ಕಿಂತ ವಿನಯದ ಕಾರ್ಯವನ್ನು ನಾನು ಕಂಡಿಲ್ಲ. ಅಲ್ಲಿನ ಬ್ಯಾಜರುಗಳ ಮತ್ತು ಸುತ್ತಲಿನ ಹಸುಗಳ ದಂಡಾಣುಗಳನ್ನು ಜೊತೆಗಿಟ್ಟು ಓದಿ 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸೋಂಕು ಹೆಚ್ಚಾಗಿ ಹಸುವಿನಿಂದ ಹಸುವಿಗೆ, ಬ್ಯಾಜರಿನಿಂದ ಬ್ಯಾಜರಿಗೆ ಹೋಗುವುದೆಂದೂ, ಜಾತಿ ದಾಟಿದಾಗ ಅಲ್ಲಿ ಬ್ಯಾಜರಿನಿಂದ ಹಸುವಿನ ಕಡೆಗೇ ಹೆಚ್ಚಾಗಿ ದಾಟಿತೆಂದೂ ತೋರಿತು. ಕಂಬ್ರಿಯದಲ್ಲಿ ಅದು ಹೊಕ್ಕದ್ದು ಎದುರು ದಿಕ್ಕಿನಿಂದ. ಒಂದೇ ದೇಶ, ಒಂದೇ ರೋಗ, ಎರಡು ಸ್ಥಳ, ಎರಡು ಉತ್ತರ. ಇದು ಶಾಸ್ತ್ರದ ದೌರ್ಬಲ್ಯವೆಂದು ವ್ಯಾಜ್ಯದ ಎರಡು ಕಡೆಯವರೂ ಹೀಗಳೆದರು.

ಬ್ಯಾಜರುಗಳನ್ನು ಕೊಂದರೆ ಏನಾಗುವುದೆಂಬ ಪ್ರಶ್ನೆಗೆ ದೊಡ್ಡ ಪ್ರಯೋಗವೊಂದು 1998ರಿಂದ 2005ರವರೆಗೆ ನಡೆಯಿತು. ತಲಾ ನೂರು ಚದರ ಕಿಲೋಮೀಟರಿನ ಮೂವತ್ತು ಪ್ರದೇಶಗಳನ್ನು ಮೂರು ಮೂರಾಗಿ ಗುಂಪುಮಾಡಿ, ಒಂದರಲ್ಲಿ ಆದಷ್ಟೂ ಬ್ಯಾಜರುಗಳನ್ನು ಕೊಂದು, ಒಂದರಲ್ಲಿ ರೋಗ ಕಂಡ ಹಿಂಡಿನ ಸುತ್ತ ಮಾತ್ರ ಕೊಂದು, ಒಂದರಲ್ಲಿ ಸುಮ್ಮನೆ ಎಣಿಸಿದರು. ಸುಮಾರು ಹನ್ನೊಂದು ಸಾವಿರ ಬ್ಯಾಜರುಗಳು ಸತ್ತವು. ಆದಷ್ಟೂ ಕೊಂದ ಪ್ರದೇಶದೊಳಗೆ ಹಿಂಡುಗಳ ರೋಗ ಸುಮಾರು ಕಾಲುಭಾಗದಷ್ಟು ಇಳಿಯಿತು. ಆ ಪ್ರದೇಶದ ಹೊರ ಅಂಚಿನ ಎರಡು ಕಿಲೋಮೀಟರಿನೊಳಗೆ ಹೆಚ್ಚುಕಡಿಮೆ ಅಷ್ಟೇ ಏರಿತು. ಬಳಗ ಮುರಿದು, ಎಲ್ಲೆಯ ಗುಳಿಗಳನ್ನು ಕಾಯುವವರಿಲ್ಲದೆ, ಉಳಿದ ಬ್ಯಾಜರುಗಳು ದಿಕ್ಕೆಟ್ಟು ದೂರದೂರ ಅಲೆದಾಡಿ ಸೋಂಕನ್ನು ಹೊರಕ್ಕೆ ಒಯ್ದವೆಂಬುದು ವಿದ್ವಾಂಸರ ವಿವರಣೆ. ಜಾನ್ ಬೋರ್ನ್ ಅಧ್ಯಕ್ಷನಾಗಿದ್ದ ಮಂಡಲಿಯು 2007ರ ವರದಿಯಲ್ಲಿ, ಬ್ಯಾಜರುಗಳ ವಧೆ ರೋಗನಿಯಂತ್ರಣಕ್ಕೆ ಅರ್ಥಪೂರ್ಣವಾದ ನೆರವನ್ನು ನೀಡಲಾರದೆಂದು ಹೇಳಿತು. ಕೆಲವು ವರ್ಷಗಳ ಮೇಲೆ, ಬೇರೊಂದು ಸರ್ಕಾರದ ಕಾಲದಲ್ಲಿ, ವಧೆ ಮತ್ತೆ ಆರಂಭವಾಯಿತು. ಅದರ ರಾಜಕಾರಣ ನನ್ನ ವಿಷಯವಲ್ಲ. ನನ್ನ ಮನಸ್ಸನ್ನು ಹಿಡಿದದ್ದು ಬೇರೆಯದು: ಅಷ್ಟು ಹೊತ್ತಿಗಾಗಲೆ ಜಾಡು ಹಿಡಿದವನ ಕಾಲೇ ಜಾಡನ್ನು ಬದಲಾಯಿಸತೊಡಗಿತ್ತು.

2015ರಿಂದ ಇಂಗ್ಲೆಂಡಿನಲ್ಲಿ ರೋಗ ತಗುಲಿದ ಹಿಂಡುಗಳ ಭೂಪಟವನ್ನು ಯಾರು ಬೇಕಾದರೂ ನೋಡಬಹುದಾಗಿದೆ. ದನ ಕೊಳ್ಳುವ ಮೊದಲು ಮಾರುವವನ ಸುತ್ತಮುತ್ತಲನ್ನು ಅದರಲ್ಲಿ ನೋಡಿಕೊಳ್ಳಬೇಕೆಂಬುದು ಉದ್ದೇಶ. ಒಳ್ಳೆಯದೇ. ಆದರೆ ಆ ಚುಕ್ಕೆ ಬಿದ್ದ ಮನೆಯವನು ನೆರೆಹೊರೆಯಲ್ಲಿ ಅಪರಾಧಿಯಂತೆ ತಲೆತಗ್ಗಿಸುವುದನ್ನು ನೆನೆದರೆ, ತೋರಿದ ಊರಿಗೆ ಹಾಕಿದ ಶಿಕ್ಷೆ ತಗುಲಿದ ಊರಿಗೆ ಸಲ್ಲಬೇಕಾದುದಲ್ಲವೆ ಎಂದು ಕೇಳಬೇಕೆನಿಸುತ್ತದೆ. ಪಕ್ಕದಲ್ಲಿ ಚುಕ್ಕೆಯಿಲ್ಲದೆ ಬೆಳ್ಳಗಿರುವ ಮನೆ ಶುದ್ಧವಾಗಿರಬಹುದು. ದೀಪ ಅಲ್ಲಿಗೆ ಇನ್ನೂ ಬಂದಿಲ್ಲದಿರಲೂಬಹುದು.

ನಮ್ಮ ದೇಶದ ಮಾತನ್ನು ಎತ್ತದೆ ಮುಗಿಸಿದರೆ ದತ್ತಿದಾರರ ಮನೆಯವರು ಮೆಚ್ಚರು. ನಮ್ಮಲ್ಲಿ ಪರೀಕ್ಷಿಸಿ ಕೊಲ್ಲುವ ಪದ್ಧತಿ ಇಲ್ಲ, ಬಹುಮಟ್ಟಿಗೆ ಇರಲಾರದು. ದೇಶದಲ್ಲಿ ನಡೆದ ಬಿಡಿ ಪರೀಕ್ಷೆಗಳನ್ನೆಲ್ಲ ಒಟ್ಟುಗೂಡಿಸಿ 2018ರಲ್ಲಿ ಪ್ರಕಟಿಸಿದ ಲೆಕ್ಕವೊಂದು ನೂರಕ್ಕೆ ಏಳಕ್ಕಿಂತ ತುಸು ಹೆಚ್ಚು ದನಗಳಲ್ಲಿ, ಎಂದರೆ ಎರಡು ಕೋಟಿಗೂ ಮಿಕ್ಕ ದನಗಳಲ್ಲಿ, ಸೋಂಕಿದೆಯೆಂದು ಅಂದಾಜು ಮಾಡಿತು. ಅದು ಅಂದಾಜೇ ಹೊರತು ಭೂಪಟವಲ್ಲ. ವೆಲ್ಲೂರಿನಲ್ಲಿ ರೋಗಿಗಳ ಒಂಬೈನೂರಕ್ಕೂ ಹೆಚ್ಚು ಮಾದರಿಗಳನ್ನು ಪರೀಕ್ಷಿಸಿ ದನದಿಂದ ಬರುವ ಕ್ಷಯವನ್ನು ಹುಡುಕಿದವರಿಗೆ, 2020ರಲ್ಲಿ ಪ್ರಕಟವಾದಂತೆ, ಬ್ರಿಟನ್ನಿನ ಪರಿಚಿತ ದಂಡಾಣು ಒಂದೂ ಸಿಗದೆ, ಒರಿಜಿಸ್ ಎಂಬ ಅದರ ಸೋದರ ಕೆಲವರಲ್ಲಿ ಸಿಕ್ಕಿತು. ನಾವು ಯಾ‌ರ ಜಾಡನ್ನು ಹಿಡಿಯಬೇಕೆಂಬುದೇ ಇಲ್ಲಿ ಬೇರೆಯಾಗಬಹುದು. ಬೆಂಗಳೂರಿನ ಯಲಹಂಕದಲ್ಲಿ ಪಶುರೋಗಗಳ ಹಬ್ಬುಗೆಯನ್ನೇ ಅಭ್ಯಾಸ ಮಾಡುವ ರಾಷ್ಟ್ರೀಯ ಸಂಸ್ಥೆಯಿದೆ. ಊರೂರಿನ ಹಸುವಿನ ಕಿವಿಯಲ್ಲಿ ಹನ್ನೆರಡು ಅಂಕಿಯ ಹಳದಿ ಓಲೆಯೂ ತೂಗಾಡತೊಡಗಿದೆ. ಓಲೆ ಹಾಕುವುದು ಅರ್ಧ ಕೆಲಸ. ಆ ಹಸು ಕೈ ಬದಲಾಯಿಸಿದ ದಿನ ಅದನ್ನು ಯಾರು ಬರೆಯುತ್ತಾರೆ?

ನಾನು ಹುಡುಗನಾಗಿದ್ದಾಗ ತಂದೆಯವರೊಡನೆ ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಗೆ ಹೋಗಿದ್ದುದುಂಟು. ಪುಷ್ಯಮಾಸದ ಚಳಿ, ಸಾಲುಸಾಲಾಗಿ ಕಟ್ಟಿದ ಹಳ್ಳಿಕಾರ್ ಎತ್ತುಗಳ ಉಸಿರು ಹೊಗೆಯಾಡುತ್ತಿತ್ತು. ಜೊತೆಯೊಂದರ ಮುಂದೆ ತಂದೆಯವರು ನಿಂತರು. ದಲ್ಲಾಳಿಯು ಹೆಗಲಿನ ಟವಲನ್ನು ತೆಗೆದು ತಂದೆಯವರ ಕೈಮೇಲೆ ಹೊದಿಸಿ, ಅದರ ಮರೆಯಲ್ಲಿ ಬೆರಳು ಹಿಡಿದು ಬೆಲೆ ಹೇಳತೊಡಗಿದನು; ಸುತ್ತ ನಿಂತ ನಮಗೆ ಕಂಡದ್ದು ಟವಲಿನೊಳಗಿನ ಅಲುಗಾಟ, ತಂದೆಯವರ ಹುಬ್ಬಿನ ಏರಿಳಿತ ಮಾತ್ರ. ವ್ಯಾಪಾರ ಕುದುರಿದ ಮೇಲೆ ತಂದೆಯವರು, “ಈ ಜೊತೆ ಯಾವ ಕಡೇದು ಗೌಡ್ರೆ?” ಎಂದು ಕೇಳಿದರು. ಮಾರುವವನು ಒಂದು ಕ್ಷಣ ಯೋಚಿಸಿ, “ಹೋದ ಜಾತ್ರೇಲಿ ಹಿಡ್ದಿದ್ದು ಸ್ವಾಮಿ. ಅದ್ಕೂ ಹಿಂದ್ಲದು ಯಾರಿಗ್ ಗೊತ್ತು? ಹಲ್ಲು ನೋಡಿ, ಸುಳಿ ನೋಡಿ, ಹೊಡ್ಕೊಂಡು ಹೋಗಿ” ಎಂದನು. ತಂದೆಯವರು ಬಾಯಿ ಬಿಡಿಸಿ ಹಲ್ಲು ನೋಡಿದರು, ಬೆನ್ನು ಸವರಿ ಸುಳಿ ನೋಡಿದರು. ಕತ್ತಲಾಗುವುದರೊಳಗೆ ನಾವು ಆ ಜೊತೆಯನ್ನು ಹೊಡೆದುಕೊಂಡು ಊರ ದಾರಿ ಹಿಡಿದಿದ್ದೆವು.